ಯಂತ್ರದ ಜೀರ್ಣೋದ್ಧಾರ

ಚಲಿಸುವುದೆಲ್ಲವೂ ಸವೆಯುವುದು. ಇದು ಸೃಷ್ಟಿಯ ನಿಯಮವೇ ಹೊರತು ಯಾರೊಬ್ಬರ ಅಪರಾಧವೂ ಅಲ್ಲ. ಬಾವಿಯ ಹಗ್ಗವು ದಿನದಿನವೂ ಕಲ್ಲನ್ನು ಸವೆಸುವುದು, ಕಲ್ಲು ಹಗ್ಗವನ್ನು ಸವೆಸುವುದು. ಬಂಡಿಯ ಅಚ್ಚು ಗಾಲಿಯ ಗುಂಬವನ್ನು ತಿನ್ನುವುದು, ಗುಂಬವು ಅಚ್ಚನ್ನು ತಿನ್ನುವುದು. ಸವೆದ ವಸ್ತುವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಮಾತ್ರ ಸೃಷ್ಟಿಯು ಉತ್ತರ ಹೇಳುವುದಿಲ್ಲ. ಅದನ್ನು ಮನುಷ್ಯನೇ ಹೇಳಿಕೊಳ್ಳಬೇಕು. ಎಸೆದುಬಿಡುವುದು ಒಂದು ಉತ್ತರ. ಹಾಗೆಯೇ ಇಟ್ಟುಕೊಂಡು ಕಷ್ಟಪಡುವುದು ಇನ್ನೊಂದು. ಸವೆದ ಅಂಗವನ್ನು ಮಾತ್ರ ತೆಗೆದು ಉಳಿದುದನ್ನು ಉದ್ಧರಿಸುವುದು ಮೂರನೆಯದು. ಈ ಮೂರರಲ್ಲಿ ಯಾವುದು ಯುಕ್ತವೆಂಬುದು ಬರಿಯ ವಚನಬಲದಿಂದ ತೀರತಕ್ಕ ವಿಷಯವಲ್ಲ. ವಸ್ತುವನ್ನು ನೋಡಿ, ಅದರ ಕೆಲಸವನ್ನು ನೋಡಿ, ಅದನ್ನು ನಂಬಿದವರನ್ನು ನೋಡಿ ತೀರ್ಮಾನಿಸತಕ್ಕದ್ದು. ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ, ಒಬ್ಬ ಗೃಹಸ್ಥರ ಹಿತ್ತಿಲ ತಗಡಿನ ಚಪ್ಪರದಡಿಯಲ್ಲಿ, ಕಳೆದ ಬೇಸಗೆಯಲ್ಲಿ ಇಂಥದೊಂದು ತೀರ್ಮಾನವು ನಡೆಯಿತು. ವಿಷಯವು ಸಣ್ಣದು: ಲೋಹವನ್ನು ಕಡೆಯುವ ಹಳೆಯ ಯಂತ್ರವೊಂದಕ್ಕೆ ಸವೆದ ಮೋಟಾರನ್ನು ಕಳಚಿ ಹೊಸದನ್ನು ಕೂಡಿಸಿದುದು. ಆದರೆ ಸಣ್ಣ ವಿಷಯಗಳಲ್ಲಿಯೇ ದೊಡ್ಡ ನಿಯಮಗಳು ಕೈಗೆ ಸಿಕ್ಕುವುವಾದುದರಿಂದ ಅದನ್ನು ವಿಸ್ತರಿಸಿ ಹೇಳುವುದು ಅನುಚಿತವಾಗಲಾರದು.

ಈ ಯಂತ್ರಕ್ಕೆ ಪೇಟೆಯಲ್ಲಿ ಲೇತು ಎನ್ನುವರು. ಕನ್ನಡದಲ್ಲಿ ಕಡಸಲು ಯಂತ್ರ. ‘ಕಡೆ’ ಎಂಬ ಧಾತುವಿಗೆ ಮೊಸರನ್ನು ಮಥಿಸುವುದೆಂದೂ ಮರ ಲೋಹಗಳನ್ನು ತಿರುಗಿಸಿ ಕೆತ್ತುವುದೆಂದೂ ಎರಡರ್ಥಗಳುಂಟು. ಭೇದವಿಷ್ಟೇ: ಮೊಸರಿನ ಗಡಿಗೆಯಲ್ಲಿ ಮೊಸರು ನಿಲ್ಲುವುದು, ಕಡೆಗೋಲು ತಿರುಗುವುದು, ಕಡಸಲಿನಲ್ಲಿ ವಸ್ತುವು ತಿರುಗುವುದು, ಉಳಿಯು ನಿಲ್ಲುವುದು. ಇದು ನಮ್ಮವರಿಗೆ ಅಪರಿಚಿತವಾದ ಯಂತ್ರವೇನೂ ಅಲ್ಲ. ಸೂರ್ಯನ ತೇಜಸ್ಸನ್ನು ಸಹಿಸಲಾರದ ಸಂಜ್ಞಾದೇವಿಗಾಗಿ ಅವಳ ತಂದೆಯಾದ ವಿಶ್ವಕರ್ಮನು ಅಳಿಯನನ್ನೇ ಭ್ರಮಿಯಂತ್ರಕ್ಕೇರಿಸಿ ಎಂಟನೆಯ ಒಂದು ಪಾಲನ್ನು ಕಡೆದು ತೆಗೆದನೆಂದೂ, ಉದುರಿದ ತೇಜೋಭಾಗಗಳಿಂದ ವಿಷ್ಣುವಿನ ಚಕ್ರ, ಶಿವನ ಶೂಲ, ಕುಮಾರಸ್ವಾಮಿಯ ಶಕ್ತ್ಯಾಯುಧ ಮೊದಲಾದುವು ಹುಟ್ಟಿದುವೆಂದೂ ವಿಷ್ಣುಪುರಾಣವು ಹೇಳುವುದು. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರದೊಳಗೆ ಅವಂತಿಯ ಅರಸನನ್ನು ವರ್ಣಿಸುವಾಗ, ಇದೇ ಕಥೆಯನ್ನು ಉಪಮಾನವಾಗಿ ತಂದಿರುವನು. ಕಡಸಲು ಯಂತ್ರವನ್ನು ಕಣ್ಣಾರೆ ಕಾಣದ ಜನರಲ್ಲಿ ಇಂಥ ಉಪಮಾನವು ಹುಟ್ಟಲಾರದು.

ಪುರಾಣವನ್ನು ಬಿಟ್ಟು ಕಣ್ಣಿಗೆ ಕಾಣುವ ಸಾಕ್ಷಿಯನ್ನು ಬಯಸುವವರು ದೂರ ಹೋಗಬೇಕಾಗಿಲ್ಲ. ೧೯೯೭ರವರೆಗೂ ರಾಯಚೂರು ಜಿಲ್ಲೆಗೇ ಸೇರಿದ್ದ, ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ ನಿಂತರೆ ಸಾಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಶಾಸನವು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಅಲ್ಲಿಯ ಕಂಬಗಳ ಮೈಮೇಲೆ ಉಂಗುರದ ಮೇಲೆ ಉಂಗುರವಾಗಿ, ಗಂಟೆಯಾಕಾರದಲ್ಲಿ ಉಬ್ಬಿ ತಗ್ಗಿ ನಿಂತಿರುವ ಸುತ್ತುಗೆರೆಗಳು ಕಡಸಲಿನ ಕೆಲಸವೆಂದು ಪ್ರಸಿದ್ಧವಾಗಿರುವುವು. ಮೃದುವಾದ ಬಳಪದ ಕಲ್ಲು ಅಂಥ ಕೆಲಸಕ್ಕೆ ಒಗ್ಗುವುದು. ಲಕ್ಕುಂಡಿಯ ಗುಡಿಗಳಲ್ಲಿಯೂ ಇದೇ ಪರಿ.

ಅಷ್ಟು ಭಾರದ ಕಲ್ಲಾಗಲಿ, ಬೆರಳುದ್ದದ ಮರವಾಗಲಿ, ಕಡಸಲಿಗೆ ಏರಿದೊಡನೆ ಒಂದೇ ಪ್ರಶ್ನೆ ಏಳುವುದು: ತಿರುಗಿಸುವವರು ಯಾರು? ಕಡೆಯುವವನ ಎರಡು ಕೈಗಳೂ ಉಳಿಯ ಮೇಲಿರುವುವು. ಆದಕಾರಣ ಹಿಂದೆ ಒಬ್ಬ ಸಹಾಯಕನು ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತ ಕುಳಿತಿರುತ್ತಿದ್ದನು. ಅಥವಾ ಕಡೆಯುವವನೇ ಒಂದು ಕೈಯಿಂದ ಬಿಲ್ಲನ್ನು ಆಡಿಸುತ್ತಿದ್ದನು. ಆಮೇಲೆ ಕಾಲ್ದುಳಿತ ಬಂದಿತು. ಸುಮಾರು ೧೮೦೦ರಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲೇ ಎಂಬವನು ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ, ಜಾರುವ ಪೀಠದ ಮೇಲೆ ಬಿಗಿದು, ತಿರುಪಿನ ಕದಿರಿನಿಂದ ನಡೆಯುವಂತೆ ಮಾಡಿ, ತಿರುಪುಗಳನ್ನು ಕಡೆಯತಕ್ಕ ಯಂತ್ರವನ್ನು ಸಿದ್ಧಪಡಿಸಿದನು. ಅಲ್ಲಿಂದ ಮುಂದೆ ಒಂದು ಯಂತ್ರವು ಇನ್ನೊಂದು ಯಂತ್ರವನ್ನು ಹೆರುವ ಕಾಲ ಬಂದಿತೆನ್ನಬಹುದು. ಆದರೂ ತಿರುಗಿಸುವವರು ಯಾರೆಂಬ ಪ್ರಶ್ನೆ ಉಳಿದೇ ಇತ್ತು. ನೀರು, ಉಗಿ ಇವುಗಳ ತರುವಾಯ ವಿದ್ಯುತ್ತು ಅದಕ್ಕೆ ಉತ್ತರವಾಯಿತು. ೧೮೮೮ರಲ್ಲಿ ಇಟಲಿಯ ಫೆರಾರಿಸನೂ ಅಮೆರಿಕದಲ್ಲಿದ್ದ ಟೆಸ್ಲಾನೂ ಬೇರೆ ಬೇರೆಯಾಗಿ ಒಂದೇ ತತ್ತ್ವವನ್ನು ಲೋಕಕ್ಕೆ ತಿಳಿಸಿದರು. ಕದಲದೆ ನಿಂತ ತಾಮ್ರದ ಸುರುಳಿಗಳಲ್ಲಿ ಪರ್ಯಾಯವಾಗಿ ಹರಿಯುವ ವಿದ್ಯುತ್ತು ತಿರುಗುವ ಕಾಂತಕ್ಷೇತ್ರವೊಂದನ್ನು ಉಂಟುಮಾಡುವುದು. ನಡುವಿನ ಲೋಹದ ಉರುಳೆಯು, ಅದಕ್ಕೆ ಯಾವ ತಂತಿಯನ್ನೂ ಹಚ್ಚದಿದ್ದರೂ, ಆ ಕ್ಷೇತ್ರವನ್ನು ಬೆನ್ನಟ್ಟಿ ಸುತ್ತುವುದು. ಇದಾಗಿ ೧೪ ವರ್ಷಗಳೊಳಗೆ, ೧೯೦೨ರಲ್ಲಿ, ಶಿವನಸಮುದ್ರದ ಕಾವೇರಿಯು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸತೊಡಗಿದಳು.

ಸಾಲಗುಂದಕ್ಕೆ ಈ ಶಕ್ತಿಯು ಬಂದುದು ಬಹಳ ತಡವಾಗಿ. ಆ ನಾಡು ಎರೆಯ ನಾಡು. ಮಳೆ ಬಂದರೆ ಜೋಳ, ಬಾರದಿದ್ದರೆ ಬಿಸಿಲು. ೧೯೪೫ರಲ್ಲಿ ಆರಂಭವಾದ ತುಂಗಭದ್ರೆಯ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ಎಡದಂಡೆಯ ಸಿಂಧನೂರು ಸೀಮೆಯು ಬರಬರುತ್ತ ಭತ್ತದ ಸೀಮೆಯಾಯಿತು. ಭತ್ತವು ಅಕ್ಕಿಯ ಗಿರಣಿಗಳನ್ನು ಕರೆಯಿತು. ಗಿರಣಿಗಳು ಮಿಸ್ತ್ರಿಗಳನ್ನು ಕರೆದುವು. ಮಿಸ್ತ್ರಿಗಳೊಡನೆ ಕಡಸಲು ಯಂತ್ರಗಳು ಬಂದುವು. ಮೇಲೆ ಹೇಳಿದ ಗೃಹಸ್ಥರು ಅಂಥ ಗಿರಣಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಗೋಡೆಯ ಈಚೆ ಅವರ ಖಾತೆಪುಸ್ತಕ, ಆಚೆ ಮಿಸ್ತ್ರಿಯ ಲೇತು. ಒಂದು ದಿನವೂ ಅದನ್ನು ಮುಟ್ಟದೆ, ಅದರ ನಾದವನ್ನು ಕೇಳಿಯೇ ಕಬ್ಬಿಣವನ್ನು ಕಡೆಯುತ್ತಿರುವನೋ ಹಿತ್ತಾಳೆಯನ್ನೋ ಎಂದು ಹೇಳಬಲ್ಲವರಾಗಿದ್ದರು. ಗಿರಣಿಯು ಮುಚ್ಚಿ ಸಾಮಾನುಗಳು ಹರಾಜಾದಾಗ ಬಾಕಿ ಸಂಬಳಕ್ಕೆ ಬದಲಾಗಿ ಆ ಲೇತನ್ನೇ ಕೇಳಿ ಪಡೆದು, ಎತ್ತಿನ ಬಂಡಿಯಲ್ಲಿ ಮನೆಗೆ ತಂದರು. ಗೃಹಿಣಿಯು ಆ ದಿನ ಬಾಗಿಲಲ್ಲಿ ನಿಂತು, “ಸಂಬಳ ಎಲ್ಲಿ?” ಎಂದು ಮಾತ್ರ ಕೇಳಿದಳಂತೆ.

ಯಂತ್ರವು ಹರಿಹರದಲ್ಲಿ ಹುಟ್ಟಿದುದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಟ್ಟು, ಕಬ್ಬಿಣದ ನೇಗಿಲುಗಳನ್ನು ಮಾಡಿ, ೧೯೧೦ರಲ್ಲಿ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಸ್ಥಾಪಿಸಿದರು. ಬೆಂಗಳೂರಿನ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿದುದು ೧೯೫೩ರಲ್ಲಿ. ಅದಕ್ಕೂ ಮುಂಚೆಯೇ ಹರಿಹರದ ಲೇತುಗಳು ದೇಶವೆಲ್ಲ ಹರಡಿದ್ದುವು. ಆ ಕಾರ್ಖಾನೆಯು ಈಗ ನಡೆಯುತ್ತಿಲ್ಲ. ಆದರೆ ಅದರ ಎರಕದ ಹಾಸುಗಳು ಇಂದಿಗೂ ಎಷ್ಟೋ ಊರುಗಳಲ್ಲಿ ಬಾಗದೆ ಮಲಗಿರುವುವು.

ಹನ್ನೆರಡು ವರ್ಷ ಗೃಹಸ್ಥರು ಅದರಲ್ಲಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡಿದ್ದರು. ಹಣಕ್ಕಾಗಿ ಮಾಡಿದುದಲ್ಲ, ಬೀಸುವ ಕಲ್ಲಿನ ಗೂಟ, ಕೂರಿಗೆಯ ಮೊಳೆ, ಹೊಲಿಗೆಯ ಯಂತ್ರದ ಗುಬ್ಬಿ, ಗುಡಿಯ ಗಂಟೆಯ ನಾಲಗೆ ಇಂಥವು. ಅವರಿಗೆ ಪ್ರಿಯವಾದ ಕೆಲಸ ಮತ್ತೊಂದಿತ್ತು. ಓಣಿಯಲ್ಲಿ ನಡೆಯಲಾರದ ಹತ್ತು ವರ್ಷದ ಹುಡುಗಿಯೊಬ್ಬಳುಂಟು. ಅವಳ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳಲ್ಲಿ ಇದ್ದ ಗುಂಬಗಳು ಎರೆಮಣ್ಣಿನ ಧೂಳಿಗೆ ಆರು ತಿಂಗಳಲ್ಲಿ ಸವೆದು ಹೋಗುತ್ತಿದ್ದುವು. ಅದರ ಬಿಡಿಭಾಗಗಳು ಸಿಂಧನೂರಿನಲ್ಲಿ ದೊರೆಯುವುದಿಲ್ಲ. ಪೇಟೆಯ ಲೇತುಗಳವರು ಸುಗ್ಗಿಯ ಕಾಲದಲ್ಲಿ ಟ್ರಾಕ್ಟರು ಕೊಯ್ಲುಯಂತ್ರಗಳ ಕೆಲಸವನ್ನು ಬಿಟ್ಟು ಬೆರಳುಗಾತ್ರದ ತುಂಡಿಗೆ ಕೈ ಹಾಕುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಗೃಹಸ್ಥರು ಗನ್‌ಮೆಟಲಿನ ಗುಂಬಗಳನ್ನು ಕಡೆದು ಕೊಡುತ್ತಿದ್ದರು. ಹುಡುಗಿಯು ತಾನೇ ಕುರ್ಚಿಯನ್ನು ನಡೆಯಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಮೋಟಾರಿನ ವ್ಯಾಧಿಯು ಒಂದೇ ದಿನದಲ್ಲಿ ಬಂದುದಲ್ಲ. ಮೊದಲು ನಾದವು ಒಡೆಯಿತು. ಗುಂಡುಗಳ ಬೇರಿಂಗು ಸವೆದಿತ್ತು. ಆಮೇಲೆ ಹೊರಡುವಾಗ ಗುಂಯ್‌ಗುಟ್ಟಿ ನಿಲ್ಲತೊಡಗಿತು. ಒಂದೇ ಎಳೆಯ ವಿದ್ಯುತ್ತು ಬರುವ ಮನೆಯಲ್ಲಿ ಮೋಟಾರು ತಾನಾಗಿ ಹೊರಡಲಾರದು. ಮೂರೆಳೆಯ ವಿದ್ಯುತ್ತಿಗಿರುವ ಸುತ್ತುವ ಗುಣವು ಅದಕ್ಕಿಲ್ಲ. ಆದುದರಿಂದ ಅದರೊಳಗೆ ಹೊರಡಿಸುವುದಕ್ಕೆಂದೇ ಎರಡನೆಯ ಸುರುಳಿಯೊಂದನ್ನೂ ಅದಕ್ಕೆ ಜೊತೆಯಾಗಿ ಕೆಪಾಸಿಟರು ಎಂಬ ಸಂಗ್ರಾಹಕವನ್ನೂ ಇಟ್ಟಿರುವರು. ವೇಗವು ಮುಕ್ಕಾಲು ಪಾಲಾದೊಡನೆ ತಿರುಗುವ ಭಾರವು ಹೊರಕ್ಕೆ ಚಿಮ್ಮಿ ಆ ಸುರುಳಿಯನ್ನು ಬಿಡಿಸುವುದು. ತೊಟ್ಟಿಲನ್ನು ತೂಗಿ ಬಿಟ್ಟ ತಾಯಿಯ ಕೈಯಂತೆ. ಆ ಬಿಡಿಸುವ ಗುಂಡಿಯು ಸುಟ್ಟು ಕರಕಾಗಿತ್ತು. ಎರಡು ಸಲ ಸುರುಳಿಗಳನ್ನು ಹೊಸದಾಗಿ ಸುತ್ತಿಸಿದ್ದಾಗಿತ್ತು. ಸುರುಳಿಯ ಮೇಲಿನ ಅರಗಿಗೆ ಆಯುಸ್ಸು ಶಾಖದಿಂದಲೇ ನಿರ್ಣಯವಾಗುವುದು. ಹತ್ತು ಡಿಗ್ರಿ ಹೆಚ್ಚಿದರೆ ಆಯುಸ್ಸು ಅರ್ಧವಾಗುವುದೆಂದು ತಜ್ಞರ ಸ್ಥೂಲವಾದ ಲೆಕ್ಕ. ರಾಯಚೂರು ಸೀಮೆಯ ವೈಶಾಖದಲ್ಲಿ, ತಗಡಿನ ಕೆಳಗೆ, ಆ ಲೆಕ್ಕವು ಎಷ್ಟು ಬೇಗ ತೀರುವುದೆಂಬುದನ್ನು ವಾಚಕರೇ ಊಹಿಸಬಹುದು. ಕಡೆಗೆ ಒಂದು ದಿನ, ಬಟ್ಟೆ ಒಗೆದು ಬಂದ ಗೃಹಿಣಿಯ ಒದ್ದೆಯ ಕೈ ಯಂತ್ರಕ್ಕೆ ತಾಕಿ, ಚೇಳು ಕುಟುಕಿದಂತಾಗಿ ಅವಳು ಹಿಂದಕ್ಕೆ ಬಿದ್ದಳು. ಆ ಹೊತ್ತು ಮೋಟಾರನ್ನು ನಿಲ್ಲಿಸಿದುದೇ ಕೊನೆ. ಮತ್ತೆ ಅದನ್ನು ಹಚ್ಚಲಿಲ್ಲ. ಹಿಡಿಕೆಯಲ್ಲಿ ಹುಡುಗಿಯ ಗುಂಬವು ಅರ್ಧ ಕಡೆದು ನಿಂತಿತ್ತು.

ಬೆಂಗಳೂರಿನಲ್ಲಿರುವ ಮಗನು ದೂರವಾಣಿಯಲ್ಲಿ ಹೇಳಿದುದು ನ್ಯಾಯವಾಗಿಯೇ ಇತ್ತು: “ಎಪ್ಪತ್ತು ವರ್ಷವಾಯಿತು. ಯಂತ್ರವು ತಾಯಿಯನ್ನು ಹೊಡೆದಿದೆ. ತೂಕಕ್ಕೆ ಕೊಟ್ಟುಬಿಡಿರಿ, ಹೊಸ ಮೋಟಾರಿನ ಹಣದಲ್ಲಿ ಇಬ್ಬರೂ ಕಾಶಿಗೆ ಹೋಗಿ ಬರಬಹುದು.” ಗೃಹಸ್ಥರು ಮಾರುತ್ತರ ಕೊಡಲಿಲ್ಲ. ಮೂವತ್ತೈದು ವರ್ಷ ಲೆಕ್ಕ ಬರೆದವರಿಗೆ ಮಗನ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೆ ಲೆಕ್ಕದಲ್ಲಿ ಸೇರದ ಬಾಬೊಂದಿತ್ತು. ಹುಡುಗಿಯು ತಂದೆಯ ಹೆಗಲ ಮೇಲೆ ಶಾಲೆಗೆ ಹೋಗತೊಡಗಿದ್ದಳು, ಆ ದಿನಗಳಲ್ಲಿ ತಂದೆಗೆ ಅರ್ಧ ಕೂಲಿಯೇ ಗತಿಯಾಗಿತ್ತು.

ಹೀಗಿರಲು ನಾಲ್ಕನೆಯ ದಿನ ಗೃಹಸ್ಥರು ಪುರಾತನ ಪದ್ಧತಿಯನ್ನೇ ಹಿಡಿದರು. ಮೋಟಾರಿನಿಂದ ಪಟ್ಟಿಯನ್ನು ಬಿಡಿಸಿ, ಲೇತಿನ ರಾಟೆಗೆ ಹಗ್ಗ ಸುತ್ತಿ, ಎಳೆಯುವುದಕ್ಕೆ ಆಳನ್ನು ಹುಡುಕಿದರು. ಬಂದವಳು ಗೃಹಿಣಿ. ವಿದ್ಯುತ್ತಿಲ್ಲದ ಯಂತ್ರಕ್ಕೆ ತನಗೆ ಭಯವಿಲ್ಲವೆಂದು ಹೇಳಿ ಹಗ್ಗ ಹಿಡಿದಳು. ಎರಡು ಗಂಟೆಯ ಹೊತ್ತು ಅವಳು ಎಳೆದಳು, ಅವರು ಕಡೆದರು. ಇಟಗಿಯ ಕಂಬಗಳ ಹಿಂದೆ ಎಷ್ಟು ತೋಳುಗಳು ನೊಂದಿದ್ದುವೆಂಬುದು ಅಂದು ಆ ಮನೆಗೆ ತಿಳಿಯಿತು. ಗುಂಬವು ಆಯಿತು, ಆದರೆ ವೇಗವು ಸಮನಾಗಿರದ ಕಾರಣ ರಂಧ್ರವು ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು. ಕೆಲವು ವಾರ ನಡೆದೀತು, ಅಷ್ಟೇ. ಗೃಹಿಣಿಯು ಬೆವರೊರಸಿಕೊಂಡು, “ಹೊಸದನ್ನು ತರಿಸಿರಿ, ಆದರೆ ಅದು ಯಾರನ್ನೂ ಮುಟ್ಟದಂತೆ ಭೂಮಿಗೆ ಕಟ್ಟಿ ಹಾಕಿದ ಮೇಲೆಯೇ ತಿರುಗಿಸತಕ್ಕದ್ದು” ಎಂದಳು. ತೀರ್ಮಾನವು ಆಗಿಹೋಯಿತು. ಕಾಶಿಯ ಮಾತನ್ನು ಅವಳೇ ಮಗನಿಗೆ ಹೇಳಿ ಮುಂದಕ್ಕೆ ಹಾಕಿದಳು.

ಹೊಸದನ್ನು ತರಬೇಕಾದರೆ ಹಳೆಯದರ ಕುಲಗೋತ್ರಗಳು ತಿಳಿಯಬೇಕು. ಅವು ಮೋಟಾರಿನ ಮೈಮೇಲಿನ ತಗಡಿನಲ್ಲಿ ಕೊರೆದಿರುವುವು. ಅದು ಆ ಯಂತ್ರದ ಶಾಸನ. ಸಾಲಗುಂದದವರಿಗೆ ಶಾಸನದ ಬೆಲೆ ತಿಳಿಯದಿರುವುದುಂಟೆ? ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರನಾದ ಬೀಡನ್ ಎಂಬವನು ಹತ್ತಿರದ ಮಸ್ಕಿಯ ಬಂಡೆಯಲ್ಲಿ ಕಂಡ ಬರಹದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರೂ ದೊರೆತುದರಿಂದಲ್ಲವೇ ಎಷ್ಟೋ ಬಂಡೆಗಳ ಮೇಲೆ ಹೆಸರಿಲ್ಲದೆ ಮಾತನಾಡುತ್ತಿದ್ದ ಅರಸನು ಯಾರೆಂಬುದು ನಿಶ್ಚಯವಾದುದು? ಆದರೆ ಈ ತಗಡಿನ ಅಕ್ಷರಗಳು ಎಣ್ಣೆ ಧೂಳುಗಳಲ್ಲಿ ಮಾಸಿದ್ದುವು. ಗೃಹಸ್ಥರು ಅದನ್ನು ಸೀಮೆಣ್ಣೆಯಲ್ಲಿ ತೊಳೆದು, ಮೇಲೆ ಸುಣ್ಣದ ಪುಡಿ ತಿಕ್ಕಿ, ಓರೆಯ ಬೆಳಕಿನಲ್ಲಿ ಹಿಡಿದು ಓದಿದರು. ಶಕ್ತಿ ಒಂದು ಅಶ್ವಬಲ, ಎಂದರೆ ೭೪೬ ವ್ಯಾಟು. ಒತ್ತಡ ೨೩೦ ವೋಲ್ಟು. ವೇಗ ನಿಮಿಷಕ್ಕೆ ೧೪೪೦ ಸುತ್ತು.

ಈ ೧೪೪೦ ಎಂಬ ಸಂಖ್ಯೆಯು ಯಾದೃಚ್ಛಿಕವಾದುದಲ್ಲ. ಈ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳನ್ನು ಮಾಡುವುದು. ಅದನ್ನು ೧೨೦ರಿಂದ ಗುಣಿಸಿ ಮೋಟಾರಿನ ಕಾಂತಧ್ರುವಗಳ ಸಂಖ್ಯೆಯಾದ ನಾಲ್ಕರಿಂದ ಭಾಗಿಸಿದರೆ ೧೫೦೦. ಕಾಂತಕ್ಷೇತ್ರವು ಅಷ್ಟು ಸುತ್ತುವುದು. ಉರುಳೆಯು ಅದರ ಬೆನ್ನು ಹತ್ತಿ ೬೦ ಸುತ್ತುಗಳಷ್ಟು ಹಿಂದೆ ಉಳಿಯುವುದು. ಹಿಂದೆ ಉಳಿಯುವುದರಲ್ಲಿಯೇ ಅದರ ಬಲವಿದೆ. ಪೂರ್ಣವಾಗಿ ಸಮನಾದರೆ ಎಳೆತವೇ ಇಲ್ಲ. ಎರಡು ಧ್ರುವಗಳ ಮೋಟಾರನ್ನು ಅಗ್ಗವೆಂದು ತಂದರೆ ವೇಗವು ಸುಮಾರು ಇಮ್ಮಡಿಯಾಗಿ ಲೇತಿನ ಹಳೆಯ ಬೇರಿಂಗುಗಳು ಕೆಡುವುವು. ಮೋಟಾರಿನ ರಾಟೆ ೭೫ ಮಿಲಿಮೀಟರು, ಎದುರಿನದು ೨೨೫. ಆದಕಾರಣ ೧೪೪೦ ಮೂರರಲ್ಲಿ ಒಂದಾಗಿ ೪೮೦ ಆಗುವುದು. ಅಲ್ಲಿಂದ ಮೆಟ್ಟಿಲುರಾಟೆಗಳು ಬೇಕಾದ ವೇಗವನ್ನು ಕೊಡುವುವು. ಇದೆಲ್ಲವನ್ನೂ ಗೃಹಸ್ಥರು ತಮ್ಮ ಖಾತೆಪುಸ್ತಕದ ಕಡೆಯ ಹಾಳೆಗಳಲ್ಲಿ ಜಮೆ ಖರ್ಚಿನಂತೆ ಬರೆದು, ಎರಡು ಸಲ ತಾಳೆ ನೋಡಿ, ಅನಂತರ ಸಿಂಧನೂರಿಗೆ ಹೋಗಿ ಹೊಸ ಮೋಟಾರನ್ನು ಕೊಂಡು ತಂದರು.

ಹಳೆಯದನ್ನು ಕಳಚುವ ಕಾರ್ಯವು ಬೆಳಗ್ಗೆ ಆರಂಭವಾಯಿತು. ಗುಂಡಿಯನ್ನು ಆರಿಸಿ, ಫ್ಯೂಸನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡು, ಕೆಪಾಸಿಟರಿನಲ್ಲಿ ಅಡಗಿದ್ದ ವಿದ್ಯುತ್ತನ್ನು ಒಂದು ದೀಪದ ಗೋಲದ ಮೂಲಕ ಹರಿಸಿ ಬರಿದುಮಾಡಿ, ಯಾವ ತಂತಿ ಯಾವ ಮೊಳೆಗೆ ಎಂಬುದನ್ನು ಚಿತ್ರ ಬರೆದುಕೊಂಡು, ಆಮೇಲೆ ಮೊದಲನೆಯ ತಿರುಪನ್ನು ಬಿಚ್ಚಿದರು. ರಾಟೆಯು ಮಾತ್ರ ಕದಿರನ್ನು ಬಿಡಲೊಲ್ಲದು. ಸುತ್ತಿಗೆಯಿಂದ ಹೊಡೆದರೆ ಬಂದೀತು. ಆದರೆ ಎರಕದ ರಾಟೆಯು ಒಡೆದರೆ ಹರಿಹರದಿಂದ ಇನ್ನೊಂದು ಬಾರದು. ಎಣ್ಣೆಯನ್ನು ಹಾಕಿ ರಾತ್ರಿಯೆಲ್ಲ ಬಿಟ್ಟು, ಮಾರನೆಯ ದಿನ ಮೂರು ಕೊಕ್ಕಿನ ಎಳೆಯುವ ಉಪಕರಣವನ್ನು ಹಚ್ಚಿ ಕಾಲು ಕಾಲು ಸುತ್ತಾಗಿ ತಿರುಗಿಸಿದಾಗ ಅದು ನಿಟ್ಟುಸಿರಿಟ್ಟು ಜಾರಿತು.

ಇಲ್ಲಿ ಹೊಸ ತೊಡಕೊಂದು ಕಾದಿತ್ತು. ಹಳೆಯ ಮೋಟಾರು ಅಂಗುಲದ ಲೆಕ್ಕದ್ದು. ಅದರ ಕದಿರು ಮುಕ್ಕಾಲು ಅಂಗುಲ, ಎಂದರೆ ೧೯.೦೫ ಮಿಲಿಮೀಟರು. ೧೯೫೮ರಲ್ಲಿ ದೇಶವು ಸೇರು, ಮಣ, ಗಜಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿಗೆ ತಿರುಗತೊಡಗಿತು. ಹೊಸ ಮೋಟಾರು ೮೦ ಎಂಬ ಅಂತರರಾಷ್ಟ್ರೀಯ ಅಳತೆಯದು. ಪಾದದಿಂದ ಕದಿರಿನ ನಡುವಿಗೆ ೮೦ ಮಿಲಿಮೀಟರು, ಕದಿರಿನ ದಪ್ಪ ೧೯. ಐದು ನೂರಂಶದ ಆ ವ್ಯತ್ಯಾಸವು ಕೂದಲೆಳೆಗಿಂತಲೂ ತೆಳುವಾದುದರಿಂದ ಬಿಗಿಯುವ ತಿರುಪು ಅದನ್ನು ತಾಳಿಕೊಳ್ಳುವುದು. ಆದರೆ ರಾಟೆಯು ಜಾರದಂತೆ ನಡುವೆ ಕೂಡಿಸುವ ಕೀಲು ಹಳೆಯದರಲ್ಲಿ ಸುಮಾರು ೪.೮ ಮಿಲಿಮೀಟರು ಅಗಲ, ಹೊಸದರಲ್ಲಿ ೬. ರಾಟೆಯ ತೋಡನ್ನು ಅಗಲಿಸಬೇಕು. ಅದನ್ನು ಲೇತಿನ ಉಳಿಪೀಠದಿಂದ ಕೊರೆಯಬಹುದಿತ್ತು; ಆದರೆ ಲೇತಿನ ಹಿಡಿಕೆಗೇ ಅದನ್ನು ಬಿಗಿದು ಹಿಂದೆ ಮುಂದೆ ತಳ್ಳುವಷ್ಟು ತೋಳ್ಬಲ ಅವರಲ್ಲಿ ಉಳಿದಿರಲಿಲ್ಲ. ಸಣ್ಣ ಅರವನ್ನು ಹಿಡಿದು ಮೂರು ಸಾಯಂಕಾಲ ಉಜ್ಜಿದರು. ಕೀಲು ಬೆರಳಿನ ಒತ್ತಿಗೆ ಬಾರದೆ, ಮರದ ಕೊಡತಿಯ ಮೆಲ್ಲನೆಯ ತಟ್ಟಿಗೆ ಕೂರುವಂತೆ ಅದನ್ನು ತಂದರು.

ಪಾದದ ರಂಧ್ರಗಳೂ ಹೊಂದಲಿಲ್ಲ. ಅದಕ್ಕಾಗಿ ನಡುವೆ ಉಕ್ಕಿನ ಹಲಗೆಯೊಂದನ್ನಿಟ್ಟು, ಪಟ್ಟಿಯನ್ನು ಬಿಗಿಯಲೂ ಸಡಿಲಿಸಲೂ ಅನುಕೂಲವಾಗುವಂತೆ ಉದ್ದನೆಯ ರಂಧ್ರಗಳನ್ನು ಕೊರೆಯಿಸಿದರು. ಎರಡು ರಾಟೆಗಳೂ ಒಂದೇ ಸಮತಲದಲ್ಲಿರಬೇಕು. ಇಲ್ಲವಾದರೆ ಪಟ್ಟಿಯು ಒಂದು ಮಗ್ಗುಲು ಸವೆದು ಹರಿಯುವುದು. ಇದನ್ನು ನೋಡುವುದಕ್ಕೆ ನೂಲಿಗಿಂತ ದೊಡ್ಡ ಉಪಕರಣ ಬೇಡ. ನೂಲನ್ನು ಎರಡು ರಾಟೆಗಳ ಮುಖಕ್ಕೂ ಬಿಗಿಯಾಗಿ ಎಳೆದಾಗ ನಾಲ್ಕು ಅಂಚುಗಳಲ್ಲಿಯೂ ಅದು ತಾಕಬೇಕು. ಗುಡಿ ಕಟ್ಟುವವನಿಗೆ ಸೂತ್ರಧಾರನೆಂಬ ಹೆಸರು ಸುಮ್ಮನೆ ಬಂದುದಲ್ಲ. ಪಟ್ಟಿಯ ಬಿಗಿತವೂ ಹಾಗೆಯೇ, ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆರಳುದಪ್ಪ ತಗ್ಗಬೇಕು. ಅದಕ್ಕೂ ಹೆಚ್ಚು ಬಿಗಿದರೆ ಬೇರಿಂಗಿಗೆ ಹಾನಿ, ಕಡಿಮೆಯಾದರೆ ಜಾರಿ ಸುಡುವುದು.

ಪಟ್ಟಿಯನ್ನು ಹಾಕುವುದಕ್ಕೆ ಮುನ್ನ ಮೋಟಾರನ್ನು ಬರಿದೇ ಒಮ್ಮೆ ಹೊರಡಿಸಿ ನೋಡಿದುದು ಒಳ್ಳೆಯದಾಯಿತು. ಅದು ವಿರುದ್ಧ ದಿಕ್ಕಿಗೆ ತಿರುಗಿತು. ಈ ಲೇತಿನ ಹಿಡಿಕೆಯು ಕದಿರಿನ ಮೂತಿಗೆ ತಿರುಪಿನಿಂದ ಕೂತಿರುವುದು. ವಿರುದ್ಧವಾಗಿ ತಿರುಗಿದರೆ ಬಿಚ್ಚಿಕೊಂಡು, ಕೆಲವು ಸೇರು ತೂಕದ ಕಬ್ಬಿಣವು ಎದುರಿದ್ದವರ ಮೇಲೆ ಹಾರುವುದು. ಹೊರಡಿಸುವ ಸುರುಳಿಯ ಎರಡು ತುದಿಗಳನ್ನು ಒಂದರ ಸ್ಥಾನಕ್ಕೆ ಇನ್ನೊಂದನ್ನು ಬದಲಾಯಿಸಿದೊಡನೆ ದಿಕ್ಕು ನೆಟ್ಟಗಾಯಿತು.

ಇನ್ನು ಗೃಹಿಣಿಯ ನಿಬಂಧನೆ. ವಿದ್ಯುತ್ತು ದಾರಿ ತಪ್ಪಿ ಯಂತ್ರದ ಮೈಗೆ ಬಂದರೆ ಮನುಷ್ಯನ ದೇಹಕ್ಕಿಂತ ಸುಲಭವಾದ ದಾರಿಯೊಂದನ್ನು ಭೂಮಿಗೆ ತೆರೆದಿಟ್ಟಿರಬೇಕು. ಅದೇ ಭೂಸಂಪರ್ಕ. ಹಿತ್ತಿಲಲ್ಲಿ ಹಿಂದೆ ಒಂದು ಸರಳನ್ನು ನೆಟ್ಟಿದ್ದರೂ ಎರೆನೆಲವು ಬೇಸಗೆಯಲ್ಲಿ ಬಿರಿದು, ಸರಳಿಗೂ ಮಣ್ಣಿಗೂ ನಡುವೆ ಕೈ ಹೋಗುವಷ್ಟು ಬಿರುಕುಂಟಾಗಿತ್ತು. ತಂತಿಯಿತ್ತು, ಸಂಪರ್ಕವಿರಲಿಲ್ಲ. ಹೊಸದಾಗಿ ಆಳವಾದ ಕುಣಿಯನ್ನು ತೋಡಿಸಿ, ಸತುವಿನ ಲೇಪವಿರುವ ಕೊಳವೆಯನ್ನಿಳಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟರು. ಅಲ್ಲದೆ ೩೦ ಮಿಲಿ ಆಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಪ್ರವಾಹವನ್ನು ಕಡಿಯುವ ರಕ್ಷಕಪೆಟ್ಟಿಗೆಯೊಂದನ್ನು ಗೋಡೆಗೆ ಕೂಡಿಸಿದರು. ಗೃಹಿಣಿಯು ಈಗ ಪ್ರಾತಃಕಾಲ ತುಳಸಿಗೆ ನೀರೆರೆದು, ಉಳಿದುದನ್ನು ಆ ಕೊಳವೆಯ ಬಾಯಿಗೆ ಸುರಿಯುವಳು. ತಿಂಗಳಿಗೊಮ್ಮೆ ರಕ್ಷಕಪೆಟ್ಟಿಗೆಯ ಪರೀಕ್ಷೆಯ ಗುಂಡಿಯನ್ನು ತಾನೇ ಒತ್ತಿ ಅದು ಎಚ್ಚರವಾಗಿರುವುದೇ ಎಂದು ನೋಡುವಳು. ಆ ಅಧಿಕಾರವನ್ನು ಆಕೆಯು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮೊದಲ ದಿನ ಮಧ್ಯಾಹ್ನ ಹೊಸ ಮೋಟಾರೂ ಹೊರಡಲೊಲ್ಲದೆ ಗುಂಯ್‌ಗುಟ್ಟಿತು. ಗೃಹಸ್ಥರ ಮುಖವು ಸಣ್ಣದಾಯಿತು. ಕಾರಣವು ಮೋಟಾರಿನಲ್ಲಿರಲಿಲ್ಲ, ಹೊಲಗಳ ಪಂಪುಗಳೆಲ್ಲ ನಡೆಯುವ ಹೊತ್ತಿನಲ್ಲಿ ಒತ್ತಡವು ೨೩೦ರಿಂದ ೧೮೦ ವೋಲ್ಟಿಗೆ ಇಳಿದಿತ್ತು. ಹೊರಡುವ ಬಲವು ಒತ್ತಡದ ವರ್ಗಕ್ಕೆ ಅನುಸಾರವಾಗಿರುವುದರಿಂದ, ಒತ್ತಡವು ನೂರಕ್ಕೆ ೨೨ರಷ್ಟು ತಗ್ಗಿದರೆ ಬಲದಲ್ಲಿ ನೂರಕ್ಕೆ ೬೧ ಮಾತ್ರ ಉಳಿಯುವುದು. ಅಂದಿನಿಂದ ಲೇತಿನ ವೇಳೆಯು ಬೆಳಗಿನ ಜಾವವಾಯಿತು. ಸ್ನಾನ ಸಂಧ್ಯೆಗಳನ್ನು ಮುಗಿಸಿ ಗೃಹಸ್ಥರು ಚಪ್ಪರಕ್ಕೆ ಹೋಗುವರು. ಹುಡುಗಿಯ ಎರಡು ಗುಂಬಗಳು ಆ ವಾರದಲ್ಲಿಯೇ ಸಿದ್ಧವಾದುವು. ಮುಂದಿನ ವರ್ಷಕ್ಕೆಂದು ಇನ್ನೆರಡನ್ನು ಕಡೆದು, ಎಣ್ಣೆಯ ಕಾಗದದಲ್ಲಿ ಸುತ್ತಿ ಅವಳ ತಂದೆಯ ಕೈಗೆ ಕೊಟ್ಟರು. ಮುಂದಿನ ವರ್ಷ ತಾವೇ ಕಡೆದು ಕೊಡಬಹುದಲ್ಲವೇ ಎಂದು ಅವನು ಕೇಳಿದುದಕ್ಕೆ, “ಮೋಟಾರು ಹೊಸದು, ಕೈ ಹೊಸದಲ್ಲ” ಎಂದರು. ಬೇಸರದಿಂದ ಹೇಳಿದ ಮಾತಲ್ಲ. ಲೆಕ್ಕವನ್ನು ಮುಂದಿನ ಪುಟಕ್ಕೆ ಒಯ್ಯುವವನ ಮಾತು.

ಜೀರ್ಣವಾದ ವಸ್ತ್ರವನ್ನು ಬಿಟ್ಟು ಹೊಸದನ್ನು ಉಡುವಂತೆ ದೇಹಿಯು ದೇಹವನ್ನು ಬಿಡುವನೆಂಬ ಗೀತೆಯ ದೃಷ್ಟಾಂತವು ಸರ್ವವಿದಿತವಾಗಿದೆ. ಅಲ್ಲಿ ನಡೆಯಿಸುವವನು ಉಳಿಯುವನು, ಒಡಲು ಹೋಗುವುದು. ಈ ಯಂತ್ರದಲ್ಲಿ ಅದು ತಿರುಗುಮುರುಗಾಗಿದೆ. ಒಡಲು ಉಳಿಯಿತು, ನಡೆಯಿಸುವುದೇ ಬದಲಾಯಿತು. ಆದರೂ ಎರಡರ ಒಳಗೂ ಇರುವ ಮಾತೊಂದೇ: ಬಿಡತಕ್ಕುದು ಯಾವುದು, ಇಟ್ಟುಕೊಳ್ಳತಕ್ಕುದು ಯಾವುದು ಎಂಬ ವಿವೇಕ. ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಬಿದ್ದುದನ್ನು ಎತ್ತಿ ನಿಲ್ಲಿಸುವುದಕ್ಕೆ ಪುಣ್ಯ ಹೆಚ್ಚೆಂದು ಹಿರಿಯರು ಹೇಳುತ್ತಿದ್ದುದು ಕಲ್ಲು ಸುಣ್ಣಗಳ ಉ‍ಳಿತಾಯಕ್ಕಾಗಿ ಅಲ್ಲ. ಆ ಗುಡಿಯನ್ನು ನಂಬಿ ಬರುತ್ತಿದ್ದವರ ದಾರಿಯು ಕಡಿದುಹೋಗಬಾರದೆಂದು. ಹಳೆಯ ಮೋಟಾರು ಈಗ ಸಿಂಧನೂರಿನಲ್ಲಿ ಸುರುಳಿ ಸುತ್ತುವುದನ್ನು ಕಲಿಯುತ್ತಿರುವ ಬಾಲಕನೊಬ್ಬನ ಮುಂದೆ ಬಿಚ್ಚಿ ಕುಳಿತಿದೆ. ಅದರ ತಾಮ್ರವನ್ನು ತೂಕಕ್ಕೆ ಮಾರುವ ಮೊದಲು ಎಷ್ಟು ಸುತ್ತುಗಳಿವೆಯೆಂದು ಅವನು ಎಣಿಸಬೇಕೆಂಬ ಕರಾರಿನ ಮೇಲೆ ಗೃಹಸ್ಥರು ಅದನ್ನು ಕೊಟ್ಟಿರುವರು.